ಅಕ್ಷರದ ನೆತ್ತಿಯ ಮೇಲೊಂದು ಚುಕ್ಕೆ

ಕಂಪ್ಯೂಟರ್ ಪರದೆಯ ಮೇಲೆ ನಾಲ್ಕು ಬಣ್ಣದ ಅಲೆಗಳಿದ್ದವು. ಹಸಿರು ಎ, ಕೆಂಪು ಟಿ, ನೀಲಿ ಸಿ, ಕಪ್ಪು ಜಿ. ಡಿಎನ್‌ಎ ಓದುವ ಯಂತ್ರ ಕೊಡುವ ಚಿತ್ರ ಅದು. ಒಂದೊಂದು ಅಕ್ಷರಕ್ಕೆ ಒಂದೊಂದು ಏರು. ಎಡದಿಂದ ಓದುತ್ತಾ ಹೋದೆ. ಮೊದಮೊದಲು ಎಲ್ಲಾ ಚೊಕ್ಕವಾಗಿತ್ತು. ಸಾಲಾಗಿ ಜಿ ಅಕ್ಷರಗಳು ಬರುವ ಒಂದು ಜಾಗ ದಾಟಿದ ಕೂಡಲೇ ಅಲೆಗಳು ಒಂದರ ಮೇಲೊಂದು ಬಿದ್ದಿದ್ದವು. ಅಲ್ಲಿಂದ ಮುಂದೆ ಎಲ್ಲ ಕಡೆ ಎರಡೆರಡು ಏರು, ಒಂದು ದೊಡ್ಡದು, ಅದರ ಬುಡದಲ್ಲಿ ಇನ್ನೊಂದು ಚಿಕ್ಕದು. ಹೊಸಬರು ನೋಡಿದರೆ ರೀಡಿಂಗ್ ಕೆಟ್ಟಿದೆ ಅಂತ ಪಕ್ಕಕ್ಕೆ ಇಟ್ಟುಬಿಡುತ್ತಾರೆ. ನಾನು ಕುರ್ಚಿಯಿಂದ ಎದ್ದು ನಿಂತೆ. ಎಷ್ಟೋ ಕಾಲದಿಂದ ಸುಮ್ಮನಿದ್ದ ಒಂದು ಜೀನ್ ಮಾತಾಡಿತ್ತು.

ಆ ಕೋಶಗಳ ಹೆಸರು ಎಚ್‌ಸಿಟಿ116. ದೊಡ್ಡ ಕರುಳಿನ ಕ್ಯಾನ್ಸರ್‌ನಿಂದ ತೆಗೆದವು. ದಶಕಗಳಿಂದ ಪ್ರಪಂಚದ ಎಷ್ಟೋ ಲ್ಯಾಬ್‌ಗಳ ಫ್ಲಾಸ್ಕ್‌ಗಳಲ್ಲಿ ಬೆಳೆಯುತ್ತಲೇ ಬಂದಿವೆ. ನಾನು ನೋಡುತ್ತಿದ್ದದ್ದು ಅವುಗಳ ಒಂದೇ ಒಂದು ಜೀನ್, ಪಿ16. ಅದರಿಂದ ಹುಟ್ಟುವ ಪ್ರೋಟೀನ್ ತುಂಬಾ ಸಣ್ಣದು. ತೂಕ ಸುಮಾರು 16 ಕಿಲೋಡಾಲ್ಟನ್, ಅದಕ್ಕೇ ಆ ಹೆಸರು. ಆದರೆ ಕೆಲಸ ದೊಡ್ಡದು. ಕೋಶವೊಂದು ಎರಡಾಗಲು ಹೊರಟಾಗ "ತಾಳು" ಅಂತ ತಡೆಯುವವರಲ್ಲಿ ಇದೂ ಒಂದು.

ನಮ್ಮ ಬಹುತೇಕ ಜೀನ್‌ಗಳಿಗೆ ಎರಡು ಪ್ರತಿ ಇರುತ್ತವೆ. ಒಂದು ತಾಯಿಯ ಕಡೆಯದು, ಒಂದು ತಂದೆಯ ಕಡೆಯದು. ಈ ಕೋಶಗಳಲ್ಲಿ ಪಿ16ರ ಒಂದು ಪ್ರತಿಗೆ ಒಂದು ಜಿ ಅಕ್ಷರ ಜಾಸ್ತಿ ಸೇರಿಕೊಂಡಿದೆ. ಕೋಶ ಜೀನನ್ನು ಮೂರು ಮೂರು ಅಕ್ಷರ ಬಿಡಿಸಿ ಓದುತ್ತದೆ. ಹಾಗಾಗಿ ಒಂದು ಅಕ್ಷರ ಹೆಚ್ಚಾದರೆ ಅಲ್ಲಿಂದ ಮುಂದೆ ಓದಿದ್ದೆಲ್ಲ ತಪ್ಪು. ಆ ಪ್ರತಿ ಹೋಯಿತು. ಇನ್ನೊಂದು ಪ್ರತಿಯಲ್ಲಿ ಒಂದಕ್ಷರವೂ ತಪ್ಪಿಲ್ಲ. ಆದರೂ ಅದರಿಂದ ಪ್ರೋಟೀನ್ ಬರುವುದಿಲ್ಲ. ಅದು ಶುರುವಾಗುವ ಜಾಗದಲ್ಲಿರುವ ಸಿ ಅಕ್ಷರಗಳ ಮೇಲೆ ಮೀಥೈಲ್ ಎಂಬ ಪುಟ್ಟ ಗುಂಪು ಕೂತಿದೆ. ಒಂದು ಕಾರ್ಬನ್, ಮೂರು ಹೈಡ್ರೋಜನ್, ಅಷ್ಟೇ. ಅಕ್ಷರ ಬದಲಾಗಿಲ್ಲ, ಅದರ ನೆತ್ತಿಯ ಮೇಲೊಂದು ಚುಕ್ಕೆ ಬಿದ್ದಿದೆ. ಆ ಚುಕ್ಕೆಗಳೇ ಜೀನ್‌ನ ಬಾಯಿ ಮುಚ್ಚಿಸಿವೆ.

ಇದು 1998ರಲ್ಲೇ ಪ್ರಕಟವಾದ ವಿಷಯ, ನಾನು ಕಂಡುಹಿಡಿದದ್ದಲ್ಲ. ಆದರೆ ಮೊದಲ ಸಲ ಓದಿದಾಗ ಮನಸ್ಸಿಗೆ ನಾಟಿದ್ದು ಇನ್ನೂ ಹೋಗಿಲ್ಲ. ಕೆಲವು ಜೀನ್‌ಗಳು ಕ್ಯಾನ್ಸರನ್ನು ತಡೆಯುತ್ತವೆ, ಅವುಗಳ ಎರಡೂ ಪ್ರತಿಗೆ ಪೆಟ್ಟು ಬಿದ್ದಾಗ ರೋಗ ಹುಟ್ಟುತ್ತದೆ ಎಂಬ ಲೆಕ್ಕಾಚಾರವನ್ನು 1971ರಲ್ಲೇ ಆಲ್ಫ್ರೆಡ್ ನಡ್ಸನ್ ಮುಂದಿಟ್ಟಿದ್ದರು. ಇಲ್ಲಿ ನೋಡಿ, ಒಂದೇ ಕೋಶದ ಒಳಗೆ ಎರಡು ಪೆಟ್ಟು, ಎರಡೂ ಬೇರೆ ಬೇರೆ ಜಾತಿಯವು. ಒಂದು ಅಚ್ಚಿನ ತಪ್ಪು. ಇನ್ನೊಂದು ಬೀಗ. ಕೋಶದ ಪಾಲಿಗೆ ಫಲ ಒಂದೇ, ಪಿ16 ಇಲ್ಲ. ನಮಗೆ ಮಾತ್ರ ಇವೆರಡರ ನಡುವೆ ದೊಡ್ಡ ವ್ಯತ್ಯಾಸವಿದೆ. ಅಚ್ಚಿನ ತಪ್ಪನ್ನು ಔಷಧಿ ಕೊಟ್ಟು ತಿದ್ದಲು ಆಗುವುದಿಲ್ಲ. ಬೀಗ ತೆಗೆಯಬಹುದು.

ನಾನು ಮೂರು ದಿನ ಆ ಕೋಶಗಳಿಗೆ ಡೆಸಿಟಬಿನ್ ಎಂಬ ಔಷಧಿ ಹಾಕಿದ್ದೆ. ಯಂತ್ರದಲ್ಲಿ ಓದಿದ್ದು ಜೀನನ್ನೇ ಅಲ್ಲ, ಕೆಲಸದಲ್ಲಿರುವ ಜೀನ್ ಬರೆದು ಕಳಿಸುವ ಆರ್‌ಎನ್‌ಎ ಎಂಬ ಓಲೆಯನ್ನು, ಡಿಎನ್‌ಎಗೆ ತಿರುಗಿಸಿಕೊಂಡು. ಮೌನವಾದ ಪ್ರತಿಯಿಂದ ಓಲೆ ಬರುವುದಿಲ್ಲ. ಔಷಧಿ ಹಾಕುವ ಮುಂಚೆ ಓದಿದಾಗ ಕೇಳಿದ್ದು ಒಂದೇ ದನಿ, ಆ ಒಂದು ಜಿ ಹೆಚ್ಚಿರುವ ಕೆಟ್ಟ ಪ್ರತಿಯದು. ಹಾಕಿದ ಮೇಲೆ ಎರಡನೇ ದನಿ ಬಂತು. ಒಂದರಲ್ಲಿ ಒಂದು ಅಕ್ಷರ ಹೆಚ್ಚಿರುವುದರಿಂದ ಆ ಜಾಗದಿಂದ ಮುಂದೆ ಎರಡೂ ಹೊಂದುವುದಿಲ್ಲ. ಅದಕ್ಕೇ ಅಲೆಗಳು ಒಂದರ ಮೇಲೊಂದು ಬಿದ್ದಿದ್ದು. ಬುಡದಲ್ಲಿ ಕಂಡ ಆ ಚಿಕ್ಕ ಏರುಗಳೇ ಸರಿಯಾದ ಪಿ16.

ಇಷ್ಟಕ್ಕೆ ಯಾಕೆ ಅಷ್ಟು ಖುಷಿ ಅಂತ ಕೇಳಬಹುದು. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಒಂದು ಕೋಶದಲ್ಲಿರುವ ಡಿಎನ್‌ಎಯನ್ನು ಬಿಚ್ಚಿ ಉದ್ದಕ್ಕೆ ಹಿಡಿದರೆ ಸುಮಾರು 2 ಮೀಟರ್. ಅದು ಇರಬೇಕಾದ ಕೋಶಕೇಂದ್ರದ ಅಗಲ ಒಂದು ಮಿಲಿಮೀಟರ್‌ನ ನೂರನೇ ಒಂದು ಭಾಗದಷ್ಟು. ಅಲ್ಲಿ ಸುಮಾರು 20,000 ಜೀನ್‌ಗಳು ಪ್ರೋಟೀನ್ ಮಾಡುವ ವಿಧಾನವನ್ನು ಹಿಡಿದಿಟ್ಟುಕೊಂಡಿವೆ. ಕಣ್ಣಿನ ಕೋಶದಲ್ಲೂ ಅವೇ, ಯಕೃತ್ತಿನ ಕೋಶದಲ್ಲೂ ಅವೇ. ಪುಸ್ತಕ ಒಂದೇ. ಯಾವ ಪುಟ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಅನ್ನುವುದಷ್ಟೇ ಬೇರೆ. ಕಾನ್ರಾಡ್ ವಾಡಿಂಗ್ಟನ್ 1942ರಲ್ಲಿ ಎಪಿಜೆನೆಟಿಕ್ಸ್ (ಜೀನ್‌ಗಳ ಪುಟ ತೆರೆಯುವ, ಮುಚ್ಚುವ ಈ ವ್ಯವಸ್ಥೆಯ ಅಧ್ಯಯನಕ್ಕೆ ಈಗಿರುವ ಹೆಸರು) ಎಂಬ ಪದವನ್ನು ಹುಟ್ಟುಹಾಕಿದಾಗ ಡಿಎನ್‌ಎಯ ಆಕಾರವೇ ಗೊತ್ತಿರಲಿಲ್ಲ. ಆಮೇಲೆ ಅವರು ಒಂದು ಚಿತ್ರ ಕೊಟ್ಟರು. ಬೆಟ್ಟದ ತುದಿಯಿಂದ ಉರುಳುವ ಗುಂಡು, ಇಳಿಯುತ್ತಾ ಕವಲೊಡೆಯುವ ಕಣಿವೆಗಳು. ಗುಂಡು ಯಾವ ಕಣಿವೆಗೆ ಇಳಿಯುತ್ತದೋ ಕೋಶ ಅದಾಗುತ್ತದೆ. ಒಮ್ಮೆ ಇಳಿದರೆ ಪಕ್ಕದ ಕಣಿವೆಗೆ ದಾಟುವುದು ಕಷ್ಟ.

ಚಿತ್ರ ಚೆನ್ನಾಗಿದೆ. ಆದರೆ ಗುಂಡನ್ನು ಕಣಿವೆಯಲ್ಲೇ ಹಿಡಿದಿಡುವುದು ಏನು? ಅದನ್ನು ಕೈಗೆ ಸಿಗುವ ರಸಾಯನವಾಗಿ ತೋರಿಸಲು ಹಲವು ದಶಕ ಬೇಕಾಯಿತು.

ಡಿಎನ್‌ಎ ದಾರವು ಹಿಸ್ಟೋನ್ ಎಂಬ ಪ್ರೋಟೀನ್‌ಗಳ ಮೇಲೆ ಸುತ್ತಿಕೊಂಡಿರುತ್ತದೆ. ಎಂಟು ಹಿಸ್ಟೋನ್ ಸೇರಿ ಒಂದು ಮಣಿ. ಮಣಿಯ ಸುತ್ತ 147 ಅಕ್ಷರ ಉದ್ದದ ದಾರ, ಎರಡು ಸುತ್ತಿಗೆ ಸ್ವಲ್ಪ ಕಡಿಮೆ. 1974ರಲ್ಲಿ ರೋಜರ್ ಕೋರ್ನ್‌ಬರ್ಗ್ ಈ ಮಣಿಯ ಕಲ್ಪನೆ ಕೊಟ್ಟರು. ಪ್ರತಿ ಹಿಸ್ಟೋನ್‌ಗೂ ಹೊರಗೆ ಚಾಚಿದ ಒಂದು ಬಾಲ ಇದೆ. ಬಹಳ ಕಾಲ ಇವನ್ನು ಸುಮ್ನೆ ಸುತ್ತಲು ಬಳಸುವ ಉಂಡೆ ಅಂತಲೇ ಹೆಚ್ಚಿನವರು ತಿಳಿದಿದ್ದರು. 1964ರಲ್ಲೇ ವಿನ್ಸೆಂಟ್ ಆಲ್‌ಫ್ರೇ ಹಿಸ್ಟೋನ್‌ಗೆ ಅಸಿಟೈಲ್ ಎಂಬ ಇನ್ನೊಂದು ಪುಟ್ಟ ಗುಂಪು ಅಂಟುವುದಕ್ಕೂ ಜೀನ್ ಕೆಲಸ ಮಾಡುವುದಕ್ಕೂ ಸಂಬಂಧ ಇದೆ ಎಂದಿದ್ದರು. ಆದರೆ ಆ ಅಂಟಿಸುವ ಕೆಲಸ ಯಾರದು ಅಂತ ತೋರಿಸಲು ಮೂವತ್ತು ವರ್ಷ ದಾಟಿತು.

ಅದನ್ನು ತೋರಿಸಿದ ರೀತಿ ನನಗೆ ತುಂಬಾ ಇಷ್ಟ. ಡೇವಿಡ್ ಆಲಿಸ್ ಆರಿಸಿಕೊಂಡದ್ದು ಟೆಟ್ರಾಹೈಮಿನ ಎಂಬ ಕೊಳದ ನೀರಿನ ಜೀವಿಯನ್ನು. ಒಂದೇ ಕೋಶದ ಜೀವಿ, ಆದರೆ ಅದಕ್ಕೆ ಎರಡು ಕೋಶಕೇಂದ್ರ. ದೊಡ್ಡದರಲ್ಲಿ ಜೀನ್‌ಗಳು ಸದಾ ಕೆಲಸದಲ್ಲಿ. ಚಿಕ್ಕದು ಬೆಳೆಯುವ ಹೊತ್ತಿನಲ್ಲಿ ಪೂರಾ ಮೌನ. ಒಂದೇ ಗೋಡೆಯೊಳಗೆ ಮಾತು ಮತ್ತು ಮೌನ ಎರಡೂ ಅಕ್ಕಪಕ್ಕ! ಮೌನವಾಗಿರುವಲ್ಲಿ ಇಲ್ಲದ್ದು, ಮಾತಾಡುವಲ್ಲಿ ಇರುವುದು ಏನು ಅಂತ ಹುಡುಕಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗುತ್ತದೆ? 1996ರಲ್ಲಿ ಅವರ ತಂಡ ಆ ದೊಡ್ಡ ಕೇಂದ್ರದಿಂದ ಅಸಿಟೈಲ್ ಅಂಟಿಸುವ ಎಂಜೈಮ್ ಹಿಡಿಯಿತು. ಅದು ಯೀಸ್ಟ್‌ನಲ್ಲಿ ಆಗಲೇ ಗೊತ್ತಿದ್ದ, ಜೀನ್‌ಗಳನ್ನು ಎಬ್ಬಿಸುವ ಒಂದು ಪ್ರೋಟೀನ್‌ಗೆ ಹೋಲುತ್ತಿತ್ತು. ಅದೇ ವರ್ಷ ಸ್ಟುವರ್ಟ್ ಶ್ರೈಬರ್ ಅವರ ತಂಡ ಅಸಿಟೈಲ್ ಕಿತ್ತುಹಾಕುವ ಎಂಜೈಮನ್ನು ಹಿಡಿಯಿತು. ಅದಕ್ಕೂ ಯೀಸ್ಟ್‌ನಲ್ಲಿ ಒಂದು ನೆಂಟ ಇತ್ತು, ಜೀನ್‌ಗಳನ್ನು ಮಲಗಿಸುವುದು. ಅಂಟಿಸಿದರೆ ತೆರೆ, ಕಿತ್ತರೆ ಮುಚ್ಚು. ಉಂಡೆ ಅಂದುಕೊಂಡದ್ದು ಕೀಲಿಮಣೆ ಆಗಿತ್ತು.

ಮೀಥೈಲ್ ಚುಕ್ಕೆಯ ಕತೆ ಇನ್ನೊಂದು ದಾರಿಯಲ್ಲಿ ಬಂತು. ಇಲ್ಲಿ ಮುಖ್ಯ ಪ್ರಶ್ನೆ ನೆನಪಿನದು. ಕೋಶ ಒಡೆದು ಎರಡಾದಾಗ ಡಿಎನ್‌ಎ ನಕಲಾಗುತ್ತದೆ, ಸರಿ. ಅದರ ಮೇಲಿನ ಗುರುತು ಹೇಗೆ ನಕಲಾಗುತ್ತದೆ? 1975ರಲ್ಲಿ ರಾಬಿನ್ ಹಾಲಿಡೇ ಮತ್ತು ಜಾನ್ ಪ್ಯೂ, ಅವರಿಂದ ಸ್ವತಂತ್ರವಾಗಿ ಆರ್ಥರ್ ರಿಗ್ಸ್, ಒಂದು ಉತ್ತರ ಕೊಟ್ಟರು. ಆಗ ಕೈಯಲ್ಲಿ ಸಾಕ್ಷಿ ಕಡಿಮೆ ಇತ್ತು, ಯೋಚನೆ ಮಾತ್ರ ಅಚ್ಚುಕಟ್ಟಾಗಿತ್ತು. ಚುಕ್ಕೆ ಬೀಳುವುದು ಹೆಚ್ಚಾಗಿ ಸಿ ಆದ ಮೇಲೆ ಜಿ ಬರುವ ಕಡೆ. ಡಿಎನ್‌ಎಗೆ ಎರಡು ಎಳೆ, ಸಿ ಎದುರು ಜಿ, ಜಿ ಎದುರು ಸಿ. ಒಂದು ಎಳೆಯಲ್ಲಿ ಸಿಜಿ ಇದ್ದರೆ ಎದುರಿನ ಎಳೆಯನ್ನು ಅದರ ದಿಕ್ಕಿನಲ್ಲಿ ಓದಿದಾಗಲೂ ಸಿಜಿ. ವಿಕಟಕವಿ ಅನ್ನುವ ಪದದ ಹಾಗೆ, ಆ ಕಡೆಯಿಂದ ಓದಿದರೂ ಅದೇ. ಎರಡೂ ಎಳೆಯಲ್ಲಿ ಚುಕ್ಕೆ ಇರುತ್ತದೆ. ನಕಲಾದಾಗ ಹಳೇ ಎಳೆಯಲ್ಲಿ ಚುಕ್ಕೆ ಉಳಿದಿರುತ್ತದೆ, ಹೊಸ ಎಳೆ ಬೋಳು. ಅರ್ಧ ಚುಕ್ಕೆ ಕಂಡಲ್ಲೆಲ್ಲ ಇನ್ನರ್ಧ ತುಂಬುವ ಒಂದು ಎಂಜೈಮ್ ಇದ್ದರೆ ಸಾಕು, ನೆನಪು ತಲೆಮಾರಿನಿಂದ ತಲೆಮಾರಿಗೆ ಸಾಗುತ್ತದೆ. ಅಂಥ ಎಂಜೈಮ್ ನಿಜಕ್ಕೂ ಇದೆ. ಅದರ ಹೆಸರು ಡಿಎನ್‌ಎಂಟಿ1.

ಈ ನೆನಪು ಎಷ್ಟು ಗಟ್ಟಿ ಅಂತ ನೋಡಬೇಕಾದರೆ ಬಿಳಿ, ಕಪ್ಪು, ಕಿತ್ತಳೆ ಬಣ್ಣಗಳ ತೇಪೆ ಹಾಕಿದಂಥ ಬೆಕ್ಕನ್ನು ನೋಡಿ. ಅಂಥ ಬೆಕ್ಕು ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ. ಹೆಣ್ಣಿಗೆ ಎರಡು ಎಕ್ಸ್ ವರ್ಣತಂತು. ಭ್ರೂಣ ಇನ್ನೂ ಚಿಕ್ಕದಿರುವಾಗಲೇ ಪ್ರತಿ ಕೋಶವೂ ಎರಡರಲ್ಲಿ ಒಂದನ್ನು ಮುಚ್ಚಿಬಿಡುತ್ತದೆ, ಯಾವುದು ಅನ್ನುವುದು ಆಕಸ್ಮಿಕ. ಆಮೇಲೆ ಆ ಕೋಶದ ಮಕ್ಕಳು, ಮೊಮ್ಮಕ್ಕಳು ಎಲ್ಲ ಅದನ್ನೇ ಮುಚ್ಚಿಟ್ಟುಕೊಳ್ಳುತ್ತವೆ. ಕಿತ್ತಳೆ ಬಣ್ಣದ ಜೀನ್ ಇರುವುದು ಎಕ್ಸ್ ಮೇಲೆ. ಹಾಗಾಗಿ ಆ ತೇಪೆಗಳು ನಮ್ಮ ಕಣ್ಣಿಗೇ ಕಾಣುವ ನೆನಪು. ಇಲಿಗಳ ಮೈಬಣ್ಣ ನೋಡುತ್ತಾ ಮೇರಿ ಲಿಯಾನ್ 1961ರಲ್ಲಿ ಈ ಮಾತನ್ನು ಹೇಳಿದರು.

ಇದಕ್ಕೂ ಕ್ಯಾನ್ಸರ್‌ಗೂ ಏನು ಸಂಬಂಧ ಅನ್ನಿಸಬಹುದು. 1965ರಲ್ಲಿ ಡೇವಿಡ್ ಲಿಂಡರ್ ಮತ್ತು ಸ್ಟ್ಯಾನ್ಲಿ ಗಾರ್ಟ್ಲರ್ ಇದೇ ನೆನಪನ್ನು ಗಡ್ಡೆಗಳ ಹುಟ್ಟು ತಿಳಿಯಲು ಬಳಸಿದರು. ಎಕ್ಸ್ ಮೇಲೆ ಜಿ6ಪಿಡಿ ಎಂಬ ಜೀನ್ ಇದೆ. ಕೆಲವು ಹೆಂಗಸರಲ್ಲಿ ಅದರ ಎರಡು ಪ್ರತಿ ಎರಡು ಬೇರೆ ನಮೂನೆಯವು. ಅಂಥವರ ಗರ್ಭಕೋಶದ ಆರೋಗ್ಯವಾದ ಸ್ನಾಯು ತೆಗೆದುಕೊಂಡರೆ ಎರಡೂ ನಮೂನೆ ಸಿಗುತ್ತದೆ, ಕೆಲವು ಕೋಶ ಇದನ್ನು ಮುಚ್ಚಿವೆ, ಕೆಲವು ಅದನ್ನು. ಆದರೆ ಅಲ್ಲೇ ಬೆಳೆದ ಫೈಬ್ರಾಯ್ಡ್ ಗಡ್ಡೆಗಳಲ್ಲಿ ಒಂದೊಂದರಲ್ಲೂ ಒಂದೇ ನಮೂನೆ. ಅಂದರೆ ಒಂದು ಗಡ್ಡೆ ಒಂದೇ ಕೋಶದಿಂದ ಬಂದದ್ದು. ಫೈಬ್ರಾಯ್ಡ್ ಕ್ಯಾನ್ಸರ್ ಅಲ್ಲ. ಆದರೆ ಇದೇ ಉಪಾಯವನ್ನು ಎರಡು ವರ್ಷ ಬಿಟ್ಟು ಒಂದು ಬಗೆಯ ರಕ್ತದ ಕ್ಯಾನ್ಸರ್‌ಗೆ ಬಳಸಿದಾಗಲೂ ಅದೇ ಉತ್ತರ ಬಂತು. ಡಿಎನ್‌ಎ ಓದುವ ಯಂತ್ರ ಇನ್ನೂ ಹುಟ್ಟಿರದ ಕಾಲ ಅದು, ಅಲ್ವಾ? ಮುಚ್ಚಿದ ಪುಟವನ್ನೇ ಸಾಕ್ಷಿ ಹೇಳಿಸಿದ್ದರು.

ಬೀಗ ತೆಗೆಯುವ ಔಷಧಿ ಸಿಕ್ಕಿದ್ದು ಯಾರೂ ಹುಡುಕದೇ. 1960ರ ದಶಕದಲ್ಲಿ ಆಗಿನ ಜೆಕೊಸ್ಲೊವಾಕಿಯಾದಲ್ಲಿ ಅಜಸೈಟಿಡಿನ್ ಎಂಬ ಅಣುವನ್ನು ಕ್ಯಾನ್ಸರ್ ಕೋಶ ಕೊಲ್ಲಲಿ ಅಂತ ತಯಾರಿಸಿದ್ದರು. ಸಿ ಅಕ್ಷರದ ನಕಲಿ ಅದು, ಒಂದು ಕಾರ್ಬನ್ ಇರುವ ಕಡೆ ನೈಟ್ರೋಜನ್ ಇದೆ. 1970ರ ದಶಕದಲ್ಲಿ ಪೀಟರ್ ಜೋನ್ಸ್ ಮತ್ತು ಜೊತೆಯವರು ಅದನ್ನು ಇಲಿಯ ಭ್ರೂಣದಿಂದ ಬಂದ ಸಾಧಾರಣ ಕೋಶಗಳಿಗೆ ಹಾಕಿ ನೋಡಿದರು. ಕೆಲವು ದಿನ ಕಳೆದ ಮೇಲೆ ತಟ್ಟೆಯಲ್ಲಿ ಉದ್ದುದ್ದ ಸ್ನಾಯುಗಳು! ಸ್ನಾಯು ಆಗುವ ಯಾವ ಲಕ್ಷಣವೂ ಇಲ್ಲದಿದ್ದ ಕೋಶಗಳು ಸಂಕುಚಿಸಬಲ್ಲ ಸ್ನಾಯುಗಳಾಗಿದ್ದವು. 1980ರಲ್ಲಿ ಜೋನ್ಸ್ ಮತ್ತು ಶರ್ಲಿ ಟೇಲರ್ ಇದರ ಕಾರಣ ತೋರಿಸಿದರು. ಆ ನಕಲಿ ಅಕ್ಷರ ಡಿಎನ್‌ಎ ಒಳಗೆ ಸೇರಿಕೊಳ್ಳುತ್ತದೆ. ಚುಕ್ಕೆ ಇಡಲು ಬಂದ ಎಂಜೈಮ್ ಅದಕ್ಕೆ ಅಂಟಿಕೊಂಡು ಸಿಕ್ಕಿಬೀಳುತ್ತದೆ. ಕೋಶ ಒಡೆದಂತೆಲ್ಲ ಅರ್ಧ ಚುಕ್ಕೆ ತುಂಬುವವರಿಲ್ಲದೆ ನೆನಪು ಅಳಿಯುತ್ತದೆ. ನಾನು ಹಾಕಿದ ಡೆಸಿಟಬಿನ್ ಇದರ ತಂಗಿ.

ಈ ಚುಕ್ಕೆ ನೋಡುವುದು ಸುಲಭ ಅಂದುಕೊಳ್ಳಬೇಡಿ. ನನ್ನ ಶುರುವಿನ ದಿನಗಳ ಒಂದು ಪಾಠ ಹೇಳುತ್ತೇನೆ. ಸೋಡಿಯಂ ಬೈಸಲ್ಫೈಟ್ ಎಂಬ ಉಪ್ಪಿನಲ್ಲಿ ಡಿಎನ್‌ಎ ನೆನೆಸಿಟ್ಟರೆ ಚುಕ್ಕೆ ಇಲ್ಲದ ಸಿ ಬದಲಾಗಿ ಹೋಗುತ್ತದೆ, ಯಂತ್ರ ಅದನ್ನು ಟಿ ಅಂತ ಓದುತ್ತದೆ. ಚುಕ್ಕೆ ಇರುವ ಸಿ ಮಾತ್ರ ಸಿ ಆಗೇ ಉಳಿಯುತ್ತದೆ. 1992ರಿಂದ ಇದೇ ನಮ್ಮ ಕನ್ನಡಕ. ಒಂದು ಆರೋಗ್ಯವಾದ ಮಾದರಿಯಲ್ಲಿ ನನಗೆ ಜಾಸ್ತಿ ಸಿಗಳು ಕಂಡವು. ಕ್ಯಾನ್ಸರ್ ಶುರುವಾಗುವ ಮುಂಚೆಯೇ ಬೀಗ ಬೀಳುತ್ತಿದೆ ಅಂದುಕೊಂಡೆ. ಮೂರು ತಿಂಗಳು ಅದನ್ನೇ ನಂಬಿ ಪ್ರಯೋಗದ ಮೇಲೆ ಪ್ರಯೋಗ ಮಾಡಿದೆ. ಒಂದು ಸಂಜೆ ಜೊತೆಗೆ ಕೆಲಸ ಮಾಡುವವರೊಬ್ಬರು ನನ್ನ ಹಾಳೆಯ ಮೇಲೆ ಬೆರಳಿಟ್ಟು, "ಈ ಸಿ ಪಕ್ಕ ಜಿ ಇಲ್ವಲ್ಲ, ಇದು ಯಾಕೆ ಉಳಿದಿದೆ?" ಅಂತ ಕೇಳಿದರು. ನನಗೆ ಮಾತೇ ಹೊರಡಲಿಲ್ಲ. ಪಕ್ಕದಲ್ಲಿ ಜಿ ಇಲ್ಲದ ಸಿ ಮೇಲೆ ಇಂಥ ಕೋಶದಲ್ಲಿ ಚುಕ್ಕೆ ಇರುವುದು ಅಪರೂಪ. ಅವೂ ಉಳಿದಿವೆ ಅಂದರೆ ಉಪ್ಪು ತನ್ನ ಕೆಲಸ ಪೂರ್ತಿ ಮಾಡಿಲ್ಲ ಅಂತಲೇ ಅರ್ಥ. ದ್ರಾವಣ ಹಳೆಯದಾಗಿತ್ತು, ಅದನ್ನು ಆಗಿಂದಾಗ್ಗೆ ಹೊಸದಾಗಿ ಕಲಸಬೇಕು. ಮೂರು ತಿಂಗಳ ಕೆಲಸ ನೀರಿನಲ್ಲಿ ಹೋಮ. ಆಮೇಲೆ ಯಾರ ಫಲಿತಾಂಶ ನೋಡಿದರೂ, ನನ್ನದೇ ಆದರೂ, ಮೊದಲು ಆ ಒಂಟಿ ಸಿಗಳನ್ನೇ ಹುಡುಕುತ್ತೇನೆ.

ಕ್ಯಾನ್ಸರ್‌ನಲ್ಲಿ ಚುಕ್ಕೆಗಳು ಹೇಗೆ ಕೆಡುತ್ತವೆ ಅನ್ನುವುದು ಒಂದೇ ಮಾತಿನಲ್ಲಿ ಹೇಳುವಂಥದ್ದಲ್ಲ. 1983ರಲ್ಲಿ ಆಂಡ್ರ್ಯೂ ಫೈನ್‌ಬರ್ಗ್ ಮತ್ತು ಬರ್ಟ್ ವೋಗಲ್‌ಸ್ಟೈನ್ ಗಡ್ಡೆಯನ್ನೂ ಅದೇ ರೋಗಿಯ ಆರೋಗ್ಯವಾದ ಅಂಗಾಂಶವನ್ನೂ ಪಕ್ಕ ಪಕ್ಕ ಇಟ್ಟು ನೋಡಿದಾಗ ಗಡ್ಡೆಯಲ್ಲಿ ಚುಕ್ಕೆಗಳು ಕಡಿಮೆ ಇದ್ದವು. ಆಮೇಲೆ, 1989ರಿಂದ ಶುರುವಾಗಿ, ಕ್ಯಾನ್ಸರ್ ತಡೆಯುವ ಜೀನ್‌ಗಳ ಬಾಗಿಲಲ್ಲಿ ಚುಕ್ಕೆಗಳು ಜಾಸ್ತಿ ಇರುವುದು ಒಂದೊಂದಾಗಿ ಕಂಡಿತು. ಮೊದಲು ಕಣ್ಣಿನ ಕ್ಯಾನ್ಸರ್‌ನ ಆರ್‌ಬಿ, ಆಮೇಲೆ ಮೂತ್ರಪಿಂಡದ್ದು, 1995ರಲ್ಲಿ ಪಿ16. ಎರಡೂ ನಿಜ. ಮುಚ್ಚಿರಬೇಕಾದ ಕಡೆ ಬಿಚ್ಚಿಕೊಂಡಿದೆ, ತೆರೆದಿರಬೇಕಾದ ಕಡೆ ಮುಚ್ಚಿದೆ. ಇನ್ನೂ ಒಂದು ಸಂಗತಿ ಇದೆ. ಎಂಎಲ್‌ಎಚ್1 ಎಂಬ ಜೀನ್ ಡಿಎನ್‌ಎ ನಕಲಾಗುವಾಗ ಆಗುವ ತಪ್ಪನ್ನು ತಿದ್ದುತ್ತದೆ. ದೊಡ್ಡ ಕರುಳಿನ ಕೆಲವು ಕ್ಯಾನ್ಸರ್‌ಗಳಲ್ಲಿ ಅದಕ್ಕೇ ಬೀಗ ಬೀಳುತ್ತದೆ. ತಿದ್ದುವವರೇ ಇಲ್ಲದ ಮೇಲೆ ತಪ್ಪಕ್ಷರಗಳು ರಾಶಿ ರಾಶಿ. ಬೀಗ ಮೊದಲು, ಅಚ್ಚಿನ ತಪ್ಪು ಆಮೇಲೆ. ಇವೆರಡನ್ನು ಬೇರೆ ಬೇರೆ ರೋಗ ಅಂತ ನೋಡುವುದು ಸರಿಯಲ್ಲ ಅಂತ ನನಗನ್ನಿಸುವುದು ಇದಕ್ಕೇ.

ಒಂದೊಂದು ಸಲ ಬೀಗವೇ ಉಪಕಾರ ಮಾಡುವುದೂ ಉಂಟು. ಗ್ಲಿಯೋಬ್ಲಾಸ್ಟೋಮ ಎಂಬ ಮೆದುಳಿನ ಗಡ್ಡೆಗೆ ಟೆಮೊಜೋಲೊಮೈಡ್ ಎಂಬ ಔಷಧಿ ಕೊಡುತ್ತಾರೆ. ಅದು ಡಿಎನ್‌ಎಗೆ ಮಾಡುವ ಗಾಯವನ್ನು ಎಂಜಿಎಂಟಿ ಎಂಬ ಪ್ರೋಟೀನ್ ವಾಸಿಮಾಡಿಬಿಡುತ್ತದೆ. ಗಡ್ಡೆಯಲ್ಲಿ ಎಂಜಿಎಂಟಿಗೆ ಬೀಗ ಬಿದ್ದಿದ್ದರೆ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ. 2005ರಲ್ಲಿ ಬಂದ ಅಧ್ಯಯನದಲ್ಲಿ ಅಂಥ ರೋಗಿಗಳ ಪೈಕಿ ಬರೀ ರೇಡಿಯೇಶನ್ ಪಡೆದವರ ನಡುಮಟ್ಟದ ಆಯುಸ್ಸು, ಅಂದರೆ ಅರ್ಧದಷ್ಟು ಜನ ದಾಟಿದ ಅವಧಿ, 15.3 ತಿಂಗಳಿತ್ತು. ಟೆಮೊಜೋಲೊಮೈಡನ್ನೂ ಸೇರಿಸಿದವರದು 21.7 ತಿಂಗಳು. ಆರು ತಿಂಗಳು ಅಂದರೆ ಕಡಿಮೆ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಮಕ್ಕಳಲ್ಲಿ ಬರುವ ಒಂದು ಮೆದುಳಿನ ಗಡ್ಡೆಯ ಬಗ್ಗೆ ಬರೆಯುವಾಗ ಕೈ ನಿಧಾನವಾಗುತ್ತದೆ. ಅದು ಮೆದುಳಿನ ಬುಡದಲ್ಲಿ, ಉಸಿರು ನಡೆಸುವ ಜಾಗದಲ್ಲೇ ಬೆಳೆಯುವುದರಿಂದ ಕತ್ತರಿಸಿ ತೆಗೆಯಲು ಆಗುವುದಿಲ್ಲ. 2012ರಲ್ಲಿ ಇದರ ಮೂಲ ಸಿಕ್ಕಿತು. ಹಿಸ್ಟೋನ್ ಎಚ್3ರ ಬಾಲದಲ್ಲಿ 27ನೇ ಜಾಗದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಇರಬೇಕು, ಈ ಗಡ್ಡೆಗಳಲ್ಲಿ ಹೆಚ್ಚಿನವುಗಳಲ್ಲಿ ಅದರ ಬದಲು ಮೆಥಿಯೋನಿನ್ ಇದೆ. ಎಚ್3 ಮಾಡುವ ಜೀನ್‌ಗಳು ನಮ್ಮಲ್ಲಿ ಹತ್ತಕ್ಕೂ ಹೆಚ್ಚು. ಅವುಗಳಲ್ಲಿ ಒಂದರ ಒಂದೇ ಪ್ರತಿಯಲ್ಲಿ ಒಂದೇ ಅಕ್ಷರ ತಪ್ಪಿದರೆ ಸಾಕು. ಅಷ್ಟರಿಂದಲೇ ಆ 27ನೇ ಜಾಗದಲ್ಲಿ ಮುಚ್ಚುವ ಗುರುತು ಇಡುವ ಯಂತ್ರ ಕೈಕಟ್ಟಿದ ಹಾಗಾಗುತ್ತದೆ, ಕೋಶಪೂರ್ತಿ ಆ ಗುರುತು ಕರಗುತ್ತದೆ. ಸರಿಯಾದ ಹಿಸ್ಟೋನ್‌ಗಳು ಬೇಕಾದಷ್ಟು ಇದ್ದರೂ ಏನೂ ಪ್ರಯೋಜನವಿಲ್ಲ. ಬೆಳೆದು ಮೆದುಳಿನ ಕೋಶವಾಗಬೇಕಿದ್ದದ್ದು ಹಸುಗೂಸಿನ ಹಂತದಲ್ಲೇ ನಿಂತು ಒಡೆಯುತ್ತಲೇ ಇರುತ್ತದೆ.

ಒಮ್ಮೆ ಎಪಿಜೆನೆಟಿಕ್ಸ್ ಬಗ್ಗೆ ಮಾತಾಡಿ ವೇದಿಕೆಯಿಂದ ಇಳಿದಾಗ ಒಬ್ಬ ತಾಯಿ ಕಾದು ನಿಂತಿದ್ದರು. ಎಲ್ಲರೂ ಹೋಗುವವರೆಗೂ ಮಾತಾಡಲಿಲ್ಲ. ಆಮೇಲೆ ಕೇಳಿದರು, "ನಾನು ಬಸುರಿ ಇದ್ದಾಗ ತುಂಬಾ ಚಿಂತೆ ಮಾಡ್ತಿದ್ದೆ. ಅದಕ್ಕೇ ನನ್ನ ಮಗೂಗೆ ಹೀಗಾಯ್ತಾ?" ಮಗುವಿಗೆ ಇದೇ ಗಡ್ಡೆ ಇತ್ತು. ಎಲ್ಲೋ ಓದಿದ್ದರಂತೆ, ಮನಸ್ಸಿನ ಸ್ಥಿತಿ ಜೀನ್‌ಗಳನ್ನು ಬದಲಿಸುತ್ತದೆ, ಎಲ್ಲಾ ನಮ್ಮ ಕೈಯಲ್ಲೇ ಇದೆ ಅಂತ.

"ಇಲ್ಲ, ನಿಮ್ಮಿಂದ ಏನೂ ಆಗಿಲ್ಲ" ಅಂದೆ. ಕೋಶ ಒಡೆಯುವಾಗ ಮಗುವಿನ ಮೆದುಳಿನಲ್ಲಿ ಆದ ಒಂದು ಅಕ್ಷರದ ತಪ್ಪು ಅದು. ತಾಯಿಯಿಂದ ಬಂದದ್ದಲ್ಲ, ತಂದೆಯಿಂದ ಬಂದದ್ದಲ್ಲ, ಚಿಂತೆಯಿಂದ ಬಂದದ್ದೂ ಅಲ್ಲ. ಇದನ್ನೇ ಮೂರು ಸಲ ಬೇರೆ ಬೇರೆ ಥರ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡು ನಿಂತರು. ಎಪಿಜೆನೆಟಿಕ್ಸ್ ಎಂಬ ಪದವನ್ನು ಹೀಗೆ ಸಿಕ್ಕಸಿಕ್ಕಲ್ಲಿ ಮಾರುವವರ ಮೇಲೆ ನನಗೆ ಸಿಟ್ಟು ಬರುವುದು ಆಗ. ಹೊರಗಿನ ಕಾರಣಗಳು ಗುರುತುಗಳನ್ನು ಬದಲಿಸುವುದು ಸುಳ್ಳಲ್ಲ. ಬೀಡಿ ಸಿಗರೇಟು ಸೇದುವವರ ರಕ್ತದಲ್ಲಿ ಎಎಚ್‌ಆರ್‌ಆರ್ ಎಂಬ ಜೀನ್‌ನ ಚುಕ್ಕೆ ಕಡಿಮೆಯಾಗುತ್ತದೆ, ಬಿಟ್ಟ ಮೇಲೆ ಮೆಲ್ಲಗೆ ವಾಪಸ್ ಬರುತ್ತದೆ. ಇದನ್ನು ಅಳೆದು ನೋಡಿದ್ದಾರೆ. ವಯಸ್ಸಾದಂತೆಯೂ ಬದಲಾಗುತ್ತವೆ. ಆದರೆ ಅಲ್ಲಿಂದ ಹಾರಿ, ನಿನ್ನ ಕಾಯಿಲೆಗೆ ನಿನ್ನ ಮನಸ್ಸೇ ಕಾರಣ ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಮೊದಲೇ ನೊಂದವರ ತಲೆ ಮೇಲೆ ಇನ್ನೊಂದು ಹೊರೆ ಇಡುವುದು ಅದು.

ನಂಬಿಕೆ ಬೇಕು ಅನ್ನಿಸಿದಾಗ ನಾನು ನೆನೆಸಿಕೊಳ್ಳುವುದು ಶಾಂಘೈನ ಕತೆ. ಒಂದು ಬಗೆಯ ರಕ್ತದ ಕ್ಯಾನ್ಸರ್ ಇದೆ, ಎಪಿಎಲ್ ಅನ್ನುತ್ತಾರೆ. ಒಂದು ಕಾಲಕ್ಕೆ ರಕ್ತಸ್ರಾವವಾಗಿ ಕೆಲವೇ ದಿನ, ವಾರಗಳಲ್ಲಿ ಜೀವ ಹೋಗುತ್ತಿತ್ತು. ಇಲ್ಲಿ ಎರಡು ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಒಂದು ಜೋಡು ಪ್ರೋಟೀನ್ ಹುಟ್ಟುತ್ತದೆ. ಅದು ಅಸಿಟೈಲ್ ಕೀಳುವ ಎಂಜೈಮ್‌ಗಳನ್ನು ಕರೆತಂದು ಬಿಳಿ ರಕ್ತಕೋಶ ಬಲಿಯಲು ಬೇಕಾದ ಜೀನ್‌ಗಳನ್ನು ಮುಚ್ಚಿಸುತ್ತದೆ. ಕೋಶ ಬಲಿಯುವುದಿಲ್ಲ, ಎಳೆಯದಾಗೇ ಉಳಿದು ತುಂಬಿಕೊಳ್ಳುತ್ತದೆ. 1985ರಲ್ಲಿ ವಾಂಗ್ ಝೆನ್‌ಯಿ ಅವರು ಐದು ವರ್ಷದ ಒಂದು ಹೆಣ್ಣುಮಗುವಿಗೆ ವಿಟಮಿನ್ ಎ ಕುಲದ ಒಂದು ಅಣು ಕೊಟ್ಟರು. ಕೊಲ್ಲುವ ಔಷಧಿ ಅಲ್ಲ ಅದು. ಮಗು ಚೇತರಿಸಿಕೊಂಡಿತು. 1988ರಲ್ಲಿ ಅವರ ತಂಡ 24 ರೋಗಿಗಳ ವರದಿ ಕೊಟ್ಟಿತು. 23 ಮಂದಿಯಲ್ಲಿ ಆ ಒಂದೇ ಔಷಧಿಯಿಂದ ರೋಗ ಮಾಯವಾಗಿತ್ತು. ಕ್ಯಾನ್ಸರ್ ಕೋಶಗಳು ಬಲಿತು, ಸಾಮಾನ್ಯ ಬಿಳಿ ರಕ್ತಕೋಶಗಳ ಹಾಗೆ ಬದುಕಿ, ತಮ್ಮ ಆಯುಸ್ಸು ಮುಗಿಸಿ ಸತ್ತಿದ್ದವು. ಆಗ ಇದರ ಒಳಗಿನ ಕಾರಣ ಯಾರಿಗೂ ಗೊತ್ತಿರಲಿಲ್ಲ, ಜೋಡು ಪ್ರೋಟೀನ್ ಸಿಕ್ಕಿದ್ದು ಆಮೇಲೆ. ಈಗ ಇದರ ಜೊತೆ ಆರ್ಸೆನಿಕ್ ಸೇರಿಸಿ ಕೊಡುತ್ತಾರೆ, ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ.

ಅಜಸೈಟಿಡಿನ್‌ನ ದಾರಿ ಇಷ್ಟು ಸುಗಮವಾಗಿರಲಿಲ್ಲ. ಮೊದಮೊದಲು ಅದನ್ನೂ ವಿಷದ ಹಾಗೆಯೇ ಜಾಸ್ತಿ ಜಾಸ್ತಿ ಕೊಟ್ಟರು. ರೋಗಿಗಳು ತಾಳಲಿಲ್ಲ. ಕಡಿಮೆ ಕೊಟ್ಟು ತಿಂಗಳುಗಟ್ಟಲೆ ಕಾದರೆ ಕೆಲಸ ಮಾಡುತ್ತದೆ ಅನ್ನುವುದು ಅರ್ಥವಾಗಲು ಬಹಳ ವರ್ಷ ಹಿಡಿಯಿತು. ಕೋಶ ಒಡೆದಂತೆಲ್ಲ ತಾನೇ ಚುಕ್ಕೆ ಅಳಿಯುವುದು? ಅವಸರ ಮಾಡಿದರೆ ಹೇಗೆ? 2004ರಲ್ಲಿ ಅಮೆರಿಕದಲ್ಲಿ ಎಂಡಿಎಸ್ ಎಂಬ ರಕ್ತದ ಕಾಯಿಲೆಗೆ ಅದಕ್ಕೆ ಒಪ್ಪಿಗೆ ಸಿಕ್ಕಿತು. 2009ರಲ್ಲಿ ಬಂದ ಒಂದು ದೊಡ್ಡ ಪರೀಕ್ಷೆಯಲ್ಲಿ, ಕಾಯಿಲೆ ಹೆಚ್ಚಿನ ಅಪಾಯದ ಹಂತದಲ್ಲಿದ್ದವರ ನಡುಮಟ್ಟದ ಆಯುಸ್ಸು 15 ತಿಂಗಳಿಂದ 24.5 ತಿಂಗಳಿಗೆ ಏರಿತು. ಆದರೆ ಅದು ನಾವು ಅಂದುಕೊಂಡ ದಾರಿಯಲ್ಲೇ ಕೆಲಸ ಮಾಡುತ್ತಿದೆಯಾ? 2015ರಲ್ಲಿ ಎರಡು ತಂಡಗಳು ಬೇರೆಯದನ್ನೇ ತೋರಿಸಿದವು. ನಮ್ಮ ಡಿಎನ್‌ಎಯಲ್ಲಿ ಸುಮಾರು 8 ಶೇಕಡಾ ಹಳೇ ವೈರಸ್‌ಗಳ ಉಳಿಕೆ. ಚುಕ್ಕೆಗಳು ಅವನ್ನು ಮಲಗಿಸಿಟ್ಟಿರುತ್ತವೆ. ಔಷಧಿ ಬಿದ್ದಾಗ ಅವು ಏಳುತ್ತವೆ, ಕೋಶ ತನಗೆ ವೈರಸ್ ತಗುಲಿದೆ ಅಂತ ಗಾಬರಿಯಾಗುತ್ತದೆ, ರೋಗನಿರೋಧಕ ವ್ಯವಸ್ಥೆಯನ್ನು ಕರೆಯುತ್ತದೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ವರ್ಷಗಟ್ಟಲೆ ಒಂದು ಬಾಗಿಲ ಮುಂದೆ ಕೂತಿದ್ದೆ. ಔಷಧಿ ಮನೆಯ ಎಲ್ಲ ಬಾಗಿಲನ್ನೂ ತೆಗೆಯುತ್ತಿತ್ತು.

ಆದರೂ ನಾನು ಪಿ16 ಬಿಟ್ಟಿಲ್ಲ. ಕಾರಣ, ಶುರುವಿನಲ್ಲಿ ಹೇಳಿದ ಆ ಎರಡೆರಡು ಏರುಗಳ ಕತೆಯ ಮುಂದಿನ ಭಾಗ. ಔಷಧಿ ನಿಲ್ಲಿಸಿದ ಮೇಲೂ ಕೋಶಗಳನ್ನು ಸಾಕುತ್ತಾ, ವಾರಕ್ಕೊಮ್ಮೆ ಒಂದಿಷ್ಟು ತೆಗೆದು ಓದುತ್ತಾ ಬಂದೆ. ಮೊದಲ ವಾರ ಎರಡೂ ಏರು ಇದ್ದವು. ಎರಡನೇ ವಾರ ಬುಡದ ಚಿಕ್ಕ ಏರು ಇನ್ನಷ್ಟು ಕುಗ್ಗಿತ್ತು. ವಾರದಿಂದ ವಾರಕ್ಕೆ ಕುಗ್ಗುತ್ತಲೇ ಹೋಯಿತು. ಕೊನೆಗೆ ಕೆಟ್ಟ ಪ್ರತಿಯ ದನಿ ಮಾತ್ರ ಉಳಿಯಿತು, ಒಂದು ಜಿ ಹೆಚ್ಚಿರುವುದು, ಚೊಕ್ಕವಾಗಿ. ಬೇರೆ ಕೋಶಗಳಲ್ಲೂ ಹೀಗಾಗುವುದನ್ನು ಬೇರೆಯವರು ಮುಂಚೆಯೇ ಕಂಡಿದ್ದಾರೆ, ಹಾಗಾಗಿ ನನಗೆ ಆಶ್ಚರ್ಯವಾಗಬಾರದಿತ್ತು. ಬೇಜಾರು ಮಾತ್ರ ಆಯಿತು. ಪಿ16 ಸುಮ್ಮನಿದ್ದ ಕೋಶಗಳು ಬೇಗ ಬೇಗ ಒಡೆದು ಉಳಿದವನ್ನು ಹಿಂದೆ ಹಾಕಿದ್ದು ಒಂದು ಕಾರಣ ಇರಬಹುದು. ಅಷ್ಟೇ ಅಲ್ಲ ಅನ್ನುವುದು ನನ್ನ ಊಹೆ.

2003ರ ಒಂದು ಕೆಲಸ ಈ ಊಹೆಗೆ ಬೆನ್ನೆಲುಬು. ಇದೇ ಎಚ್‌ಸಿಟಿ116 ಕೋಶಗಳಿಂದ ಚುಕ್ಕೆ ಇಡುವ ಎರಡು ಎಂಜೈಮ್‌ಗಳ ಜೀನ್‌ಗಳನ್ನು ತೆಗೆದುಹಾಕಿದ್ದರು. ಚುಕ್ಕೆಗಳು ಹೆಚ್ಚುಕಡಿಮೆ ಎಲ್ಲಾ ಅಳಿದು ಪಿ16 ಮಾತಾಡುತ್ತಿತ್ತು. ಆ ಕೋಶಗಳನ್ನು ತುಂಬಾ ಕಾಲ ಬೆಳೆಸಿದಾಗ ಪಿ16 ಮತ್ತೆ ಮೌನವಾಯಿತು. ಡಿಎನ್‌ಎ ಮೇಲೆ ಚುಕ್ಕೆ ಬೀಳುವ ಮುಂಚೆಯೇ! ಮೊದಲು ಬಂದದ್ದು ಹಿಸ್ಟೋನ್ ಬಾಲದ ಮೇಲಿನ ಮುಚ್ಚುವ ಗುರುತು. ಅಂದರೆ ಚುಕ್ಕೆ ಬಾಗಿಲು ಹಾಕುವುದಿಲ್ಲ, ಹಾಕಿದ ಬಾಗಿಲಿಗೆ ಬೀಗ ಜಡಿಯುತ್ತದೆ. ಹಾಗಾದರೆ ಬಾಗಿಲು ಎಳೆದುಕೊಳ್ಳುವ ಕೈ ಯಾವುದು? ಅಷ್ಟೊಂದು ಜೀನ್‌ಗಳ ನಡುವೆ ಇದೇ ಬಾಗಿಲನ್ನು ಅದು ಗುರುತು ಹಿಡಿಯುವುದು ಹೇಗೆ?

ಈಗ ನಾನು ಮಾಡುತ್ತಿರುವುದು ಅದನ್ನೇ. ಔಷಧಿ ನಿಲ್ಲಿಸಿದ ದಿನದಿಂದ ವಾರಕ್ಕೊಮ್ಮೆ ಅಲ್ಲ, ಆರಾರು ಗಂಟೆಗೊಮ್ಮೆ ಕೋಶ ತೆಗೆದು ಹಿಸ್ಟೋನ್ ಗುರುತುಗಳನ್ನು ನೋಡುತ್ತಿದ್ದೇನೆ. ಚಿಕ್ಕ ಏರು ಕುಗ್ಗಲು ಶುರುವಾಗುವ ಹೊತ್ತಿಗೆ ಅಲ್ಲಿ ಮೊದಲು ಬಂದು ನಿಲ್ಲುವುದು ಯಾರು ಅಂತ ಹಿಡಿಯಬೇಕು. ಹೊಸ ತಟ್ಟೆಗಳು ಇನ್‌ಕ್ಯುಬೇಟರ್‌ನಲ್ಲಿವೆ, ಡೆಸಿಟಬಿನ್ ಹಾಕಿ ಎರಡು ದಿನವಾಯಿತು. ಆ ಔಷಧಿ ಬೆಚ್ಚಗಿನ ನೀರಿನಲ್ಲಿ ಜಾಸ್ತಿ ಹೊತ್ತು ತಾಳುವುದಿಲ್ಲ, ದಿನಾ ಹೊಸದು ಹಾಕಬೇಕು. ಇವತ್ತಿನದು ಇನ್ನೂ ಬಾಕಿ ಇದೆ.